55 ಕ್ಯಾಂಕ್ರಿ ಇ: ಒಂದು ಮಹಾಭೂಮಿಯ ಲಕ್ಷಣಗಳನ್ನು ತಿಳಿದುಕೊಂಡ ಬಗೆ

ಕರ್ಕಾಟಕ ರಾಶಿಯಲ್ಲಿ, ಪುಷ್ಯ ನಕ್ಷತ್ರದ ನೆರೆಯಲ್ಲಿ ಮಂಜಿನ ಚುಕ್ಕೆಯಂತೆ ಕಾಣುವ ಜೇನುಗೂಡು ಗುಚ್ಛದಿಂದ ಉತ್ತರಕ್ಕೆ, ತೋಳು ಚಾಚಿ ಹಿಡಿದ ಮುಷ್ಟಿಯಗಲದಷ್ಟು ಸರಿದರೆ 55 ಕ್ಯಾಂಕ್ರಿ ಎಂಬ ನಕ್ಷತ್ರವಿದೆ. ಅದರ ತೋರಿಕೆಯ ಕಾಂತಿಮಾನ ಸುಮಾರು 6. ಊರ ದೀಪಗಳಿಂದ ದೂರದ ಬಯಲಿನಲ್ಲಿ, ಚಂದ್ರನಿಲ್ಲದ ರಾತ್ರಿ, ಚುರುಕಾದ ಕಣ್ಣಿಗೆ ಅದು ಕಂಡೂ ಕಾಣದಂತೆ ತೋರೀತು. ಬೈನಾಕ್ಯುಲರ್ ಇದ್ದರೆ ಕಷ್ಟವಿಲ್ಲ. ಮಾರ್ಚ್ ತಿಂಗಳಲ್ಲಿ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಅದು ಕರ್ನಾಟಕದ ಆಕಾಶದಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೆ ಬಂದು ನಿಲ್ಲುತ್ತದೆ. ನಮ್ಮಿಂದ ಸುಮಾರು 41 ಜ್ಯೋತಿರ್ವರ್ಷ ದೂರದಲ್ಲಿರುವ ಈ ನಕ್ಷತ್ರವನ್ನು ಅತಿ ಹತ್ತಿರದಿಂದ ಸುತ್ತುತ್ತಿರುವ ಗ್ರಹವೇ 55 ಕ್ಯಾಂಕ್ರಿ ಇ. ಈ ಅಧ್ಯಯನದ ವಸ್ತು ಅದು.

ಭೂಮಿಗಿಂತ ಭಾರವಾಗಿದ್ದು ನೆಪ್ಚೂನಿನಷ್ಟು ಭಾರವಿಲ್ಲದ, ಸಾಮಾನ್ಯವಾಗಿ ಹತ್ತು ಭೂಮಿಗಳ ದ್ರವ್ಯರಾಶಿಯನ್ನು ಮೀರದ ಗ್ರಹಗಳನ್ನು ಖಗೋಳ ವಿಜ್ಞಾನಿಗಳು ಸೂಪರ್ ಅರ್ತ್ ಎನ್ನುತ್ತಾರೆ. ಕನ್ನಡದಲ್ಲಿ ಮಹಾಭೂಮಿ ಎನ್ನಬಹುದು. ಹೆಸರಿನಲ್ಲಿ ಭೂಮಿ ಇದೆಯೆಂದು ಅಲ್ಲಿ ನೆಲ, ನೀರು, ಗಾಳಿ ಇರಬೇಕೆಂದೇನೂ ಇಲ್ಲ. ಆ ಹೆಸರು ತೂಕವನ್ನಷ್ಟೇ ಹೇಳುತ್ತದೆ. ನಮ್ಮ ಸೌರಮಂಡಲದಲ್ಲಿ ಈ ಬಗೆಯ ಗ್ರಹ ಒಂದೂ ಇಲ್ಲದಿರುವುದರಿಂದ ಹೋಲಿಸಿ ನೋಡಲು ಕೈಗೆಟಕುವ ಮಾದರಿಯೂ ಇಲ್ಲ. ಹೀಗಿರುವಾಗ ಅಂಥ ಗ್ರಹವೊಂದರ ಲಕ್ಷಣಗಳನ್ನು ಹೇಗೆ ಗೊತ್ತುಮಾಡುತ್ತಾರೆ, ಯಾವ ಲಕ್ಷಣ ಎಷ್ಟರ ಮಟ್ಟಿಗೆ ಗಟ್ಟಿ ಎಂಬುದನ್ನು ನೋಡಲು 55 ಕ್ಯಾಂಕ್ರಿ ಇಗಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಎರಡು ದಶಕಗಳಲ್ಲಿ ಅದರ ಬಗ್ಗೆ ಹೇಳಿದ ಎಷ್ಟೋ ಮಾತುಗಳು ಬದಲಾಗಿವೆ. ಆದರೆ ಎಲ್ಲವೂ ಒಂದೇ ರೀತಿಯಲ್ಲಿ ಬದಲಾಗಿಲ್ಲ.

ನಕ್ಷತ್ರ ಮತ್ತು ಅದರ ಸಂಸಾರ

55 ಕ್ಯಾಂಕ್ರಿ ಸೂರ್ಯನಿಗಿಂತ ಸ್ವಲ್ಪ ಚಿಕ್ಕದು, ಸ್ವಲ್ಪ ತಂಪು. ಅದರ ದ್ರವ್ಯರಾಶಿ ಸೂರ್ಯನದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು, ಮೇಲ್ಮೈ ಉಷ್ಣತೆ ಸುಮಾರು 5,200 ಕೆಲ್ವಿನ್. ಸೂರ್ಯನಿಗೆ ಹೋಲಿಸಿದರೆ ಅದರಲ್ಲಿ ಕಬ್ಬಿಣ ಮೊದಲಾದ ಭಾರದ ಧಾತುಗಳು ಹೆಚ್ಚು. ಬಹಳ ದೂರದಲ್ಲಿ, ಭೂಮಿ ಮತ್ತು ಸೂರ್ಯನ ನಡುವಣ ಅಂತರದ ಸಾವಿರ ಪಟ್ಟು ಆಚೆ, ಒಂದು ಕೆಂಪು ಕುಬ್ಜ ನಕ್ಷತ್ರ ಇದಕ್ಕೆ ಜೊತೆಗಾರನಾಗಿದೆ.

1996ರಲ್ಲಿ ಇದರ ಸುತ್ತ ಮೊದಲ ಗ್ರಹ ಪತ್ತೆಯಾಯಿತು. ಗುರುಗ್ರಹಕ್ಕಿಂತ ತುಸು ಹಗುರವಾದ ಆ ಗ್ರಹ ಹದಿನೈದು ದಿನಗಳೊಳಗೆ ಒಂದು ಸುತ್ತು ಮುಗಿಸುತ್ತದೆ. ನಂತರ ಇನ್ನೂ ಎರಡು ಸಿಕ್ಕವು; 2004ರಲ್ಲಿ ನಮ್ಮ ಕಥಾನಾಯಕ, 2007ರಲ್ಲಿ ಐದನೆಯದು. ಸೂರ್ಯನನ್ನು ಬಿಟ್ಟರೆ ಐದು ಗ್ರಹಗಳಿವೆಯೆಂದು ಗೊತ್ತಾದ ಮೊದಲ ನಕ್ಷತ್ರ ಇದೇ. ಗ್ರಹಗಳಿಗೆ ಅಕ್ಷರಗಳನ್ನು ಕೊಡುವುದು ಪತ್ತೆಯಾದ ಕ್ರಮದಲ್ಲಿ. ಹಾಗಾಗಿ ಎಲ್ಲಕ್ಕಿಂತ ಒಳಗಿರುವುದು ಬಿ ಆಗದೆ ಇ ಆಯಿತು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಸಾರ್ವಜನಿಕರ ಮತದ ಮೇಲೆ ನಕ್ಷತ್ರಕ್ಕೆ ಕೋಪರ್ನಿಕಸ್ ಎಂದೂ ಈ ಗ್ರಹಕ್ಕೆ ಜಾನ್ಸೆನ್ ಎಂದೂ ಹೆಸರಿಟ್ಟಿತು. ಸಂಶೋಧಕರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ.

ಇಲ್ಲೊಂದು ಸಣ್ಣ ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2003ರ ಜುಲೈನಲ್ಲಿ ಕ್ರಿಮಿಯಾದ ಎವ್ಪತೋರಿಯಾದಲ್ಲಿರುವ ರೇಡಿಯೊ ದೂರದರ್ಶಕದಿಂದ ಈ ನಕ್ಷತ್ರದತ್ತ ಒಂದು ಸಂದೇಶವನ್ನು ಕಳುಹಿಸಲಾಯಿತು. ಅದು ಅಲ್ಲಿಗೆ ಮುಟ್ಟುವುದು 2044ರಲ್ಲಿ. ಕಳುಹಿಸಿದವರಿಗೆ ಆಗ ಇ ಗ್ರಹ ಇರುವುದೇ ಗೊತ್ತಿರಲಿಲ್ಲ.

ಅವಧಿಯಲ್ಲಾದ ತಪ್ಪು

2004ರಲ್ಲಿ ಬಾರ್ಬರಾ ಮೆಕ್‌ಆರ್ಥರ್ ಮತ್ತು ಸಂಗಡಿಗರು ಟೆಕ್ಸಾಸಿನ ಹಾಬಿ-ಎಬರ್ಲಿ ದೂರದರ್ಶಕವನ್ನು ಮುಖ್ಯವಾಗಿ ಬಳಸಿ ಈ ಗ್ರಹವನ್ನು ಕಂಡುಹಿಡಿದದ್ದು ಡಾಪ್ಲರ್ ವಿಧಾನದಿಂದ. ಗ್ರಹವು ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವನ್ನೂ ತನ್ನ ಕಡೆಗೆ ಸ್ವಲ್ಪ ಎಳೆಯುತ್ತದೆ. ಆ ಎಳೆತಕ್ಕೆ ಸಿಕ್ಕ ನಕ್ಷತ್ರ ಒಮ್ಮೆ ನಮ್ಮತ್ತ, ಒಮ್ಮೆ ನಮ್ಮಿಂದಾಚೆಗೆ ತೂಗುತ್ತದೆ. ಅದರ ರೋಹಿತದ, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ, ರೇಖೆಗಳು ಅಷ್ಟೇ ಮೊತ್ತಕ್ಕೆ ಆಚೀಚೆ ಸರಿಯುತ್ತವೆ. ಇ ಗ್ರಹ ತನ್ನ ನಕ್ಷತ್ರವನ್ನು ತೂಗಿಸುವ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಸೈಕಲ್ಲನ್ನು ಸ್ವಲ್ಪ ಜೋರಾಗಿ ತುಳಿದರೆ ಬರುವ ವೇಗ ಅದು. 41 ಜ್ಯೋತಿರ್ವರ್ಷ ದೂರದ ಬೆಂಕಿಯುಂಡೆಯೊಂದರ ಸೈಕಲ್ ವೇಗವನ್ನು, ಅದೂ ಇತರ ಗ್ರಹಗಳ ಎಳೆತಗಳ ನಡುವಿನಿಂದ ಆರಿಸಿ ತೆಗೆಯುವುದು ಸುಲಭದ ಕೆಲಸವಲ್ಲ.

ಆಗ ಲೆಕ್ಕಕ್ಕೆ ಬಂದ ಪರಿಭ್ರಮಣಾವಧಿ ಸುಮಾರು 2.8 ದಿನ. ಆರು ವರ್ಷ ಎಲ್ಲರೂ ಅದನ್ನೇ ಒಪ್ಪಿದ್ದರು. 2010ರಲ್ಲಿ, ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ರೆಬೆಕಾ ಡಾಸನ್ ಮತ್ತು ಅವರ ಸಹಲೇಖಕ ಡೇನಿಯಲ್ ಫ್ಯಾಬ್ರಿಕಿ ಆ ಅಂಕಿ ದತ್ತಾಂಶದ ನೆರಳೇ ಹೊರತು ಗ್ರಹದ್ದಲ್ಲ ಎಂದು ವಾದಿಸಿದರು. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಕೆಲವೊಮ್ಮೆ ನಿಧಾನವಾಗಿ, ಕೆಲವೊಮ್ಮೆ ಹಿಮ್ಮುಖವಾಗಿ ತಿರುಗಿದಂತೆ ಕಾಣುವುದನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಮೆರಾ ಬಿಟ್ಟುಬಿಟ್ಟು ತೆಗೆಯುವ ಚಿತ್ರಗಳ ಲಯಕ್ಕೂ ಚಕ್ರದ ಲಯಕ್ಕೂ ಆಗುವ ತಾಳತಪ್ಪು ಅದಕ್ಕೆ ಕಾರಣ. ನೆಲದ ಮೇಲಿನ ದೂರದರ್ಶಕ ಒಂದು ನಕ್ಷತ್ರವನ್ನು ರಾತ್ರಿ ಮಾತ್ರ ನೋಡಬಲ್ಲದು. ಪ್ರತಿ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಬಿದ್ದ ಚಿತ್ರಗಳು ಅದಕ್ಕೆ ಸಿಗುತ್ತವೆ. ದಿನಕ್ಕೆ ಒಂದು ಸುತ್ತಿಗಿಂತ ಹೆಚ್ಚು ತಿರುಗುವ ಗ್ರಹ ಆ ಚಿತ್ರಗಳಲ್ಲಿ ಎರಡು ಮುಕ್ಕಾಲು ದಿನಕ್ಕೊಂದು ಸುತ್ತು ತಿರುಗುವ ಗ್ರಹದಂತೆ ತೋರಿತು. ನಿಜವಾದ ಅವಧಿ 0.7365 ದಿನ, ಎಂದರೆ 17 ಗಂಟೆ 40 ನಿಮಿಷ ಎಂಬುದು ಅವರ ತೀರ್ಮಾನ.

ಈ ಒಂದು ತಿದ್ದುಪಡಿಯಿಂದ ಉಳಿದ ಲೆಕ್ಕಗಳೆಲ್ಲ ಕದಲಿದವು. ಅವಧಿ ಕಡಿಮೆಯಾದರೆ ಕಕ್ಷೆ ಚಿಕ್ಕದಾಗುತ್ತದೆ. ಹತ್ತಿರದಿಂದ ಎಳೆಯುವ ಗ್ರಹ ಅಷ್ಟೇ ತೂಗಾಟವನ್ನು ಕಡಿಮೆ ತೂಕದಿಂದಲೇ ಉಂಟುಮಾಡಬಲ್ಲದು. ಮೊದಲು 14 ಭೂಮಿಗಳಷ್ಟು ಎನಿಸಿ ನೆಪ್ಚೂನಿನ ಸಾಲಿಗೆ ಸೇರಿದ್ದ ಗ್ರಹ ಸುಮಾರು 8 ಭೂಮಿಗಳಿಗೆ ಇಳಿದು ಮಹಾಭೂಮಿಗಳ ಸಾಲಿಗೆ ಬಂದಿತು. ಅದಕ್ಕಿಂತ ಮುಖ್ಯವಾಗಿ, ನಕ್ಷತ್ರಕ್ಕೆ ಇಷ್ಟು ಅಂಟಿಕೊಂಡ ಗ್ರಹ ನಮ್ಮ ದೃಷ್ಟಿರೇಖೆಯಲ್ಲಿ ಅದರ ಮುಖದೆದುರು ಹಾದುಹೋಗುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಏರಿತು. ಅಷ್ಟಾದರೆ ಯಾರಾದರೂ ನೋಡದೆ ಬಿಟ್ಟಾರೆಯೇ?

ಗಾತ್ರ, ತೂಕ, ಸಾಂದ್ರತೆ

2011ರಲ್ಲಿ ಎರಡು ತಂಡಗಳು ನೋಡಿದವು. ಜೋಶುವಾ ವಿನ್ ಅವರ ತಂಡ ಬಳಸಿದ್ದು ಕೆನಡಾದ ಮೋಸ್ಟ್ ಎಂಬ ಪುಟ್ಟ ಉಪಗ್ರಹವನ್ನು. ಸೂಟ್‌ಕೇಸಿನಷ್ಟು ಗಾತ್ರದ ಅದರ ದೂರದರ್ಶಕದ ಅಗಲ 15 ಸೆಂಟಿಮೀಟರ್ ಮಾತ್ರ. ಬ್ರೈಸ್-ಒಲಿವಿಯೆ ಡೆಮೊರಿ ಅವರ ತಂಡ ಬಳಸಿದ್ದು ನಾಸಾದ ಸ್ಪಿಟ್ಜರ್ ಅವಕೆಂಪು (ಇನ್‌ಫ್ರಾರೆಡ್) ದೂರದರ್ಶಕವನ್ನು. ಎರಡಕ್ಕೂ ಸಂಕ್ರಮಣ, ಎಂದರೆ ಗ್ರಹ ನಕ್ಷತ್ರದ ಮುಖದೆದುರು ಹಾಯುವುದು, ಕಂಡಿತು, 17 ಗಂಟೆ 40 ನಿಮಿಷಕ್ಕೊಮ್ಮೆ, ಡಾಸನ್ ಮತ್ತು ಫ್ಯಾಬ್ರಿಕಿ ಹೇಳಿದ ಹಾಗೆಯೇ. 2004ರಲ್ಲಿಯೂ 2012ರಲ್ಲಿಯೂ ಶುಕ್ರ ಸಂಕ್ರಮಣವನ್ನು ಫಿಲ್ಟರ್ ಹಿಡಿದು ನೋಡಿದವರಿಗೆ ಇದರ ಚಿತ್ರ ಸುಲಭವಾಗಿ ಮನಸ್ಸಿಗೆ ಬರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಕರಿಯ ಬೊಟ್ಟು ಕಾಣುವುದಿಲ್ಲ. ನಕ್ಷತ್ರದ ಒಟ್ಟು ಬೆಳಕು ಹತ್ತು ಸಾವಿರದಲ್ಲಿ ಮೂರೂವರೆ ಪಾಲಿನಷ್ಟು, ಸುಮಾರು ಒಂದೂವರೆ ಗಂಟೆ ಕಾಲ ಇಳಿದು ಮತ್ತೆ ಏರುತ್ತದೆ. ಕೆಲವು ವರ್ಷಗಳ ನಂತರ ಲಾ ಪಾಲ್ಮಾ ದ್ವೀಪದ 2.5 ಮೀಟರಿನ ನಾರ್ಡಿಕ್ ದೂರದರ್ಶಕದಿಂದ, ನೆಲದ ಮೇಲಿಂದಲೇ, ಇದೇ ಇಳಿತವನ್ನು ಅಳೆದರು.

ಬೆಳಕು ಎಷ್ಟು ಇಳಿಯಿತು ಎಂಬುದರಿಂದ ಗ್ರಹದ ಅಗಲ ತಿಳಿಯುತ್ತದೆ. ಮೊದಮೊದಲು ಭೂಮಿಯ ಎರಡು ಪಟ್ಟು ಎನಿಸಿದ ತ್ರಿಜ್ಯ ಮುಂದಿನ ಅಳತೆಗಳಲ್ಲಿ ಸುಮಾರು 1.88 ಪಟ್ಟಿಗೆ ನಿಂತಿದೆ. ದ್ರವ್ಯರಾಶಿ ಸುಮಾರು 8 ಪಟ್ಟು. ಈ ಎರಡರಿಂದ ಹೊರಡುವ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 6.7 ಗ್ರಾಂ. ಭೂಮಿಯದು 5.5. ಅದರ ಮೇಲ್ಮೈ ಗುರುತ್ವ ನಮ್ಮದರ ಎರಡೂಕಾಲು ಪಟ್ಟಾಗುತ್ತದೆ. ಇಲ್ಲಿ 60 ಕಿಲೊ ತೂಗುವವರಿಗೆ ಅಲ್ಲಿ 135 ಕಿಲೊ ಹೊತ್ತಂತೆ ಅನಿಸೀತು, ನಿಲ್ಲಲು ನೆಲವಿದ್ದರೆ.

ಭೂಮಿಗಿಂತ ಹೆಚ್ಚು ಸಾಂದ್ರವಾಗಿರುವುದರಿಂದ ಇದು ಭೂಮಿಗಿಂತ ಹೆಚ್ಚು ಕಬ್ಬಿಣವಿರುವ ಗ್ರಹ ಎಂದು ತೀರ್ಮಾನಿಸಲು ಮನಸ್ಸು ಹಾತೊರೆಯುತ್ತದೆ. ಅದು ತಪ್ಪು, ಮತ್ತು ಈ ಪ್ರಕರಣದಲ್ಲಿ ಬಹಳ ಕಲಿಸುವ ತಪ್ಪು. ಗ್ರಹ ದೊಡ್ಡದಾದಷ್ಟೂ ಅದರ ಒಳಗಿನ ಒತ್ತಡ ಹೆಚ್ಚುತ್ತದೆ; ಅದೇ ಕಲ್ಲು, ಅದೇ ಕಬ್ಬಿಣ ಇನ್ನಷ್ಟು ಅದುಮಿಕೊಳ್ಳುತ್ತವೆ. ಮೂರರಲ್ಲಿ ಒಂದು ಪಾಲು ಕಬ್ಬಿಣ, ಎರಡು ಪಾಲು ಶಿಲೆ ಎಂಬ ಭೂಮಿಯದೇ ಹದದಲ್ಲಿ ಎಂಟು ಭೂಮಿಗಳಷ್ಟು ದ್ರವ್ಯವನ್ನು ಕಲಸಿದರೆ ಸಿಗುವ ಉಂಡೆಯ ತ್ರಿಜ್ಯ ಭೂಮಿಯ ಸುಮಾರು 1.75 ಪಟ್ಟು, ಸಾಂದ್ರತೆ 8ಕ್ಕಿಂತ ಹೆಚ್ಚು. 55 ಕ್ಯಾಂಕ್ರಿ ಇ ಅದಕ್ಕಿಂತ ಉಬ್ಬಿದೆ. ಆದ್ದರಿಂದ ಅದರಲ್ಲಿ ಭೂಮಿಗಿಂತ ಕಡಿಮೆ ಕಬ್ಬಿಣವಿರಬೇಕು, ಅಥವಾ ಶಿಲೆಯ ಮೇಲೆ ಹಗುರವಾದ ಯಾವುದೋ ಒಂದು ಹೊದಿಕೆ ಇರಬೇಕು. ಎರಡರಲ್ಲಿ ಯಾವುದು ಎಂಬುದನ್ನು ಸಾಂದ್ರತೆ ಹೇಳುವುದಿಲ್ಲ. ಎಷ್ಟು ನಿಖರವಾಗಿ ಅಳೆದರೂ ಹೇಳುವುದಿಲ್ಲ. ಹಲವು ಬೇರೆ ಬೇರೆ ಮಿಶ್ರಣಗಳು ಅದೇ ತೂಕ, ಅದೇ ಗಾತ್ರವನ್ನು ಕೊಡುತ್ತವೆ.

ಕಕ್ಷೆಯ ಬಗ್ಗೆ ಇನ್ನೆರಡು ಮಾತು. ನಕ್ಷತ್ರದ ಕೇಂದ್ರದಿಂದ ಗ್ರಹಕ್ಕಿರುವ ದೂರ ಸುಮಾರು 23 ಲಕ್ಷ ಕಿಲೊಮೀಟರ್, ನಕ್ಷತ್ರದ ತ್ರಿಜ್ಯದ ಮೂರೂವರೆ ಪಟ್ಟು. ಅಲ್ಲಿಂದ ನೋಡಿದರೆ ನಕ್ಷತ್ರವು ನಮ್ಮ ಸೂರ್ಯನಿಗಿಂತ ಅರವತ್ತು ಪಟ್ಟು ಅಗಲವಾಗಿ ಕಾಣುತ್ತದೆ. ಬೀಳುವ ಶಾಖ ಭೂಮಿಗೆ ಬೀಳುವುದರ ಎರಡು ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ಹತ್ತಿರದಲ್ಲಿ ಗ್ರಹ ಹುಟ್ಟಿರಲಾರದು, ಹೊರಗೆ ಹುಟ್ಟಿ ಒಳಕ್ಕೆ ಜಾರಿರಬೇಕು. 2022ರಲ್ಲಿ ಲಿಲಿ ಝಾವೊ ಮತ್ತು ಸಂಗಡಿಗರು ಅರಿಜೋನಾದ ಲೊವೆಲ್ ವೀಕ್ಷಣಾಲಯದ ಎಕ್ಸ್‌ಪ್ರೆಸ್ ರೋಹಿತಮಾಪಕದಿಂದ ಅಳೆದಾಗ, ಅದರ ಕಕ್ಷೆ ನಕ್ಷತ್ರದ ಸಮಭಾಜಕಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡಿದೆಯೆಂದು ಕಂಡಿತು. ದೊಡ್ಡ ಗಲಭೆಯಿಲ್ಲದೆ ಮೆಲ್ಲನೆ ಜಾರಿ ಬಂದಿದೆಯೆಂಬ ಊಹೆಗೆ ಅದು ಒಪ್ಪುತ್ತದೆ.

ವಜ್ರದ ಕಥೆ

2012ರಲ್ಲಿ, ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಮೂಲದ ನಿಕ್ಕು ಮಧುಸೂದನ್ ಮತ್ತು ಇಬ್ಬರು ಸಹಲೇಖಕರು ಮೇಲೆ ಹೇಳಿದ ಎರಡು ದಾರಿಗಳ ಜೊತೆಗೆ ಮೂರನೆಯದನ್ನು ತೋರಿಸಿದರು. ಈ ಗ್ರಹದ ಶಿಲೆ ನಮ್ಮ ಸಿಲಿಕೇಟ್ ಶಿಲೆಯೇ ಆಗಿರಬೇಕೆಂದೇನು? ಕಾರ್ಬನ್ ಹೆಚ್ಚಿರುವ ಕಡೆ ಹುಟ್ಟಿದ ಗ್ರಹದ ಒಡಲು ಕಬ್ಬಿಣ, ಸಿಲಿಕಾನ್ ಕಾರ್ಬೈಡ್, ಗ್ರಾಫೈಟ್ ಮತ್ತು ವಜ್ರಗಳಿಂದ ಆಗಿರಬಹುದು. ಆಗ ಮೇಲೆ ನೀರಿನ ಅಥವಾ ಅನಿಲದ ಹೊದಿಕೆಯನ್ನು ಕಲ್ಪಿಸದೆಯೇ ಗಾತ್ರ ಮತ್ತು ತೂಕ ಹೊಂದುತ್ತವೆ. ವಾದ ಅಚ್ಚುಕಟ್ಟಾಗಿತ್ತು. ಅದು ನಿಂತದ್ದು ಮಾತ್ರ ಎರಡು ಊರುಗೋಲುಗಳ ಮೇಲೆ: ಗ್ರಹದ ಹದ ನಕ್ಷತ್ರದ ಹದವನ್ನೇ ಹೋಲುತ್ತದೆ ಎಂಬುದು ಒಂದು, ನಕ್ಷತ್ರದಲ್ಲಿ ಆಕ್ಸಿಜನ್‌ಗಿಂತ ಕಾರ್ಬನ್ ಹೆಚ್ಚು, ಅನುಪಾತ 1.12 ಎಂಬ 2010ರ ಅಳತೆ ಇನ್ನೊಂದು.

ಮರುವರ್ಷವೇ ಎರಡನೆಯ ಊರುಗೋಲು ಅಲುಗಿತು. ಜೊಹಾನಾ ಟೆಸ್ಕಿ ಮತ್ತು ಸಂಗಡಿಗರು ಆಕ್ಸಿಜನ್ನಿನ ಬೇರೆ ಬೇರೆ ರೋಹಿತ ರೇಖೆಗಳನ್ನು ಜೊತೆಗಿಟ್ಟು ಅಳೆದಾಗ ಅನುಪಾತ 0.78ಕ್ಕೆ ಇಳಿಯಿತು. ಕಾರ್ಬನ್ ಗ್ರಹ ಹುಟ್ಟಲು ಬೇಕೆಂದು ಹೇಳುವ ಮಿತಿ ಸುಮಾರು 0.8. ವಜ್ರದ ಸಾಧ್ಯತೆ ಪೂರ್ತಿ ಸತ್ತಿತೆನ್ನಲಾಗದು, ಆದರೆ ಅದನ್ನು ನಂಬಲು ಇದ್ದ ಕಾರಣ ಹೋಯಿತು. ಪತ್ರಿಕೆಗಳಲ್ಲಿ 'ವಜ್ರದ ಗ್ರಹ' ಎಂಬ ತಲೆಬರಹ ಇಂದಿಗೂ ಆಗಾಗ ಬರುತ್ತದೆ. ಟೆಸ್ಕಿ ಅವರ 0.78ಕ್ಕೆ ಅಷ್ಟು ದೊಡ್ಡ ಅಕ್ಷರಗಳು ಎಂದೂ ಸಿಗಲಿಲ್ಲ. ಮಧುಸೂದನ್ ಅವರ ಲೇಖನವನ್ನು ನಾನು ದೂರಲಾರೆ. ಸಾಂದ್ರತೆಯೊಂದರಿಂದ ಒಡಲನ್ನು ಓದಲಾಗದು ಎಂಬುದನ್ನು ಅದು ಬೇರೆ ಯಾರಿಗಿಂತಲೂ ಸ್ಪಷ್ಟವಾಗಿ ತೋರಿಸಿತು. ತಪ್ಪಿದ್ದು, 'ಆಗಿರಬಹುದು' ಎಂಬುದು 'ಆಗಿದೆ' ಎಂದಾಗುವಾಗ.

ಬೆಳಕಿನ ಮಗ್ಗುಲು, ಕತ್ತಲ ಮಗ್ಗುಲು

ಇಷ್ಟು ಹತ್ತಿರವಿರುವ ಗ್ರಹ ಚಂದ್ರ ಭೂಮಿಗೆ ಮುಖ ಮಾಡಿರುವಂತೆ ಒಂದೇ ಮಗ್ಗುಲನ್ನು ನಕ್ಷತ್ರಕ್ಕೆ ತೋರಿಸುತ್ತಿರಬೇಕು ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಹಾಗಿದ್ದರೆ ಗಾಳಿಯಿಲ್ಲದ ಬರಿಯ ಶಿಲೆಯ ಬೆಳಕಿನ ಮಗ್ಗುಲು ಸುಮಾರು 2,500 ಕೆಲ್ವಿನ್‌ಗೆ ಕಾಯಬೇಕು, ಕತ್ತಲ ಮಗ್ಗುಲು ತಣ್ಣಗಿರಬೇಕು. ದಪ್ಪನೆಯ ವಾತಾವರಣ ಶಾಖವನ್ನು ಎಲ್ಲೆಡೆ ಹಂಚುವಂತಿದ್ದರೆ ಇಡೀ ಗ್ರಹ ಸುಮಾರು 1,950 ಕೆಲ್ವಿನ್‌ನಲ್ಲಿರಬೇಕು. ಎರಡರಲ್ಲೂ ಬೆಳಕಿನ ಮಗ್ಗುಲಿನ ಶಿಲೆ ಕರಗಿ ಶಿಲಾಪಾಕದ ಕಡಲಾಗಿರುತ್ತದೆ. ಪ್ರಶ್ನೆ ಇರುವುದು ಅದರ ಮೇಲೇನಿದೆ ಎಂಬುದರಲ್ಲಿ. ಉತ್ತರಕ್ಕೆ ದಾರಿ ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಹೊತ್ತು. ಮರೆಗೆ ಮುಂಚಿನ ಒಟ್ಟು ಬೆಳಕಿನಿಂದ ಮರೆಯಲ್ಲಿದ್ದಾಗಿನ ಬೆಳಕನ್ನು ಕಳೆದರೆ ಉಳಿಯುವುದು ಗ್ರಹದ್ದೇ ಬೆಳಕು. 2012ರಲ್ಲಿ ಸ್ಪಿಟ್ಜರ್ ಇದನ್ನು ಸಾಧಿಸಿತು. ಮಹಾಭೂಮಿಯೊಂದರ ಸ್ವಂತ ಶಾಖದ ಬೆಳಕು ದೊರೆತದ್ದು ಅದೇ ಮೊದಲು.

2016ರಲ್ಲಿ ಡೆಮೊರಿ ಮತ್ತು ಸಂಗಡಿಗರು ಇಡೀ ಕಕ್ಷೆಯುದ್ದಕ್ಕೂ ಅಳೆದು ಗ್ರಹದ ಶಾಖದ ನಕ್ಷೆಯನ್ನೇ ಪ್ರಕಟಿಸಿದರು. ಬೆಳಕಿನ ಮಗ್ಗುಲು 2,700 ಕೆಲ್ವಿನ್, ಕತ್ತಲ ಮಗ್ಗುಲು 1,380. ಅತಿ ಬಿಸಿಯ ಜಾಗ ನಕ್ಷತ್ರದ ನೇರ ಕೆಳಗಿಲ್ಲದೆ 41 ಡಿಗ್ರಿ ಪೂರ್ವಕ್ಕೆ ಸರಿದಿತ್ತು. ಶಾಖವನ್ನು ಹೊತ್ತು ಸರಿಸುವುದು ಗಾಳಿಯೋ ಹರಿಯುವ ಶಿಲಾಪಾಕವೋ ಎಂಬ ಚರ್ಚೆ ಐದಾರು ವರ್ಷ ನಡೆಯಿತು. 2022ರಲ್ಲಿ ಮತ್ತೊಂದು ತಂಡ ಅದೇ ದತ್ತಾಂಶವನ್ನು, ಸ್ಪಿಟ್ಜರ್‌ನಲ್ಲಿ ಬೆಳಕು ಹಿಡಿಯುವ ಪತ್ತೆಕದ ಪ್ರತಿ ಚುಕ್ಕೆಯ ಒಳಗಿನ ಏರುಪೇರನ್ನು ಬೇರೆ ರೀತಿಯಲ್ಲಿ ಸರಿಪಡಿಸಿ, ಮತ್ತೆ ಲೆಕ್ಕಹಾಕಿತು. ಪೂರ್ವಕ್ಕೆ ಸರಿದ ಬಿಸಿಯ ಜಾಗ ಮಾಯವಾಯಿತು. ಬೆಳಕಿನ ಮಗ್ಗುಲು ಸುಮಾರು 3,770 ಕೆಲ್ವಿನ್‌ಗೆ ಏರಿತು. ಅದೇ ಗ್ರಹ, ಅದೇ ವೀಕ್ಷಣೆ, ಸಾವಿರ ಡಿಗ್ರಿ ವ್ಯತ್ಯಾಸ.

ಈ ನಡುವೆ ಹೈಡ್ರೋಜನ್ ಪ್ರಶ್ನೆ ಹೆಚ್ಚು ಗದ್ದಲವಿಲ್ಲದೆ ಬಗೆಹರಿಯಿತು. ಹುಟ್ಟಿನಲ್ಲಿ ಪಡೆದ ಹೈಡ್ರೋಜನ್, ಹೀಲಿಯಂಗಳ ಹೊದಿಕೆ ಇದ್ದಿದ್ದರೆ ಇಷ್ಟು ಶಾಖಕ್ಕೆ ಅದು ಹೊಗೆಯಂತೆ ಹೊರಕ್ಕೆ ಹರಿಯಬೇಕಿತ್ತು. ಹಬಲ್ ಬಾಹ್ಯಾಕಾಶ ದೂರದರ್ಶಕ ಹೈಡ್ರೋಜನ್ನನ್ನು ಹುಡುಕಿ ಕಾಣಲಿಲ್ಲ. ನೆಲದ ಮೇಲಿನ ದೂರದರ್ಶಕಗಳು ಹೀಲಿಯಂ ಹುಡುಕಿ ಕಾಣಲಿಲ್ಲ. 2016ರಲ್ಲಿ ಹಬಲ್ ದತ್ತಾಂಶದಲ್ಲಿ ಹೈಡ್ರೋಜನ್ ಸಯನೈಡಿನ ಸುಳಿವಿದೆಯೆಂದ ವರದಿಗೂ ನಂತರದ ಹುಡುಕಾಟಗಳಲ್ಲಿ ಬೆಂಬಲ ಸಿಗಲಿಲ್ಲ.

ವೆಬ್ ಕಂಡದ್ದು

2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಎರಡು ವರದಿಗಳು ಬಂದವು, ಮತ್ತು ಅವು ಒಂದನ್ನೊಂದು ಸುಲಭವಾಗಿ ಒಪ್ಪುವುದಿಲ್ಲ. ರೆನ್ಯೂ ಹು ಮತ್ತು ಸಂಗಡಿಗರ ವರದಿಯಲ್ಲಿ ಬೆಳಕಿನ ಮಗ್ಗುಲಿನ ಉಷ್ಣತೆ ಸುಮಾರು 1,800 ಕೆಲ್ವಿನ್ ಮಾತ್ರ. ಬರಿಯ ಶಿಲೆಗಾಗಲಿ, ಆವಿಯಾದ ಶಿಲೆಯ ತೆಳ್ಳನೆಯ ಪೊರೆಗಾಗಲಿ ಇದು ತೀರ ಕಡಿಮೆ. ಜೊತೆಗೆ 4ರಿಂದ 5 ಮೈಕ್ರಾನ್ ತರಂಗಾಂತರದಲ್ಲಿ ಬೆಳಕು ತಗ್ಗಿರುವುದನ್ನು ಕಾರ್ಬನ್ ಡೈಆಕ್ಸೈಡ್ ಅಥವಾ ಕಾರ್ಬನ್ ಮಾನಾಕ್ಸೈಡ್ ಹೀರುವುದರಿಂದ ವಿವರಿಸಬಹುದು. ಶಿಲಾಪಾಕದ ಕಡಲಿನಿಂದ ಅನಿಲ ಉಕ್ಕಿ ಬಂದು ವಾತಾವರಣವನ್ನು ತುಂಬುತ್ತಿದೆ, ಹೋದಷ್ಟೂ ಮತ್ತೆ ಬರುತ್ತಿದೆ ಎಂಬುದು ಅವರ ಚಿತ್ರ. ಶಿಲಾಗ್ರಹವೊಂದಕ್ಕೆ ಗಟ್ಟಿಯಾದ ವಾತಾವರಣವಿರುವ ಬಗ್ಗೆ ನಮ್ಮ ಸೌರಮಂಡಲದಾಚೆ ದೊರೆತ ಅತ್ಯುತ್ತಮ ಸಾಕ್ಷ್ಯಗಳಲ್ಲಿ ಇದೊಂದು.

ಇನ್ನೊಂದು ವರದಿಯ ಜಯಶೀಲ್ ಪಟೇಲ್ ಮತ್ತು ಸಂಗಡಿಗರು ಗ್ರಹ ನಕ್ಷತ್ರದ ಹಿಂದೆ ಸರಿಯುವ ಐದು ಮರೆಗಳನ್ನು ನೋಡಿದರು. 4.5 ಮೈಕ್ರಾನ್‌ನಲ್ಲಿ ಗ್ರಹದ ಬೆಳಕು ಒಂದು ಮರೆಯಲ್ಲಿ ನಕ್ಷತ್ರದ ಬೆಳಕಿನ ಹತ್ತು ಲಕ್ಷದಲ್ಲಿ 7 ಪಾಲು, ಎಂದರೆ ಅಳತೆಯ ಅನಿಶ್ಚಿತತೆಯೊಳಗೆ ಸೊನ್ನೆ. ಇನ್ನೊಂದರಲ್ಲಿ 119 ಪಾಲು. ಉಷ್ಣತೆಗೆ ಪರಿವರ್ತಿಸಿದರೆ ಸುಮಾರು 870 ಕೆಲ್ವಿನ್‌ನಿಂದ 2,260ರವರೆಗಿನ ಏರಿಳಿತ, ಅದೂ ವಾರದ ಅಂತರದಲ್ಲಿ. ಸ್ಪಿಟ್ಜರ್ ಕೂಡ 2012 ಮತ್ತು 2013ರ ನಡುವೆ ಇಂಥ ಬದಲಾವಣೆಯನ್ನು ತೋರಿಸಿತ್ತು; ಆಗ ಉಪಕರಣವನ್ನು ಶಂಕಿಸಿದವರಿದ್ದರು. ವೆಬ್‌ನ ನಂತರ ಹಾಗೆ ಶಂಕಿಸುವುದು ಕಷ್ಟ. ಹು ಅವರ ಅವಕೆಂಪು ರೋಹಿತದ ಒಂದು ಭಾಗ ಒಂದೇ ಮರೆಯಿಂದ ಬಂದದ್ದು. ವಾರಕ್ಕೊಂದು ಮುಖ ತೋರುವ ಗ್ರಹದ ವಿಷಯದಲ್ಲಿ ಒಂದು ದಿನದ ರೋಹಿತಕ್ಕೆ ಎಷ್ಟು ಬೆಲೆ ಕೊಡಬೇಕೆಂದು ನನಗೆ ಸಂಶಯವಿದೆ. 1,800 ಕೆಲ್ವಿನ್ ಎಂಬುದನ್ನು ಗ್ರಹದ ಉಷ್ಣತೆ ಎನ್ನುವುದಕ್ಕಿಂತ ಆ ದಿನದ ಉಷ್ಣತೆ ಎನ್ನುವುದೇ ಸರಿ.

ಏರಿಳಿತಕ್ಕೆ ಕಾರಣವೇನೆಂಬುದಕ್ಕೆ ಸದ್ಯ ಮೂರು ವಿವರಣೆಗಳು ಎದುರಿಗಿವೆ. ಶಿಲಾಪಾಕದಿಂದ ಅನಿಲ ಉಕ್ಕಿದಾಗ ವಾತಾವರಣ ಮೂಡಿ, ಅದು ಬಾಹ್ಯಾಕಾಶಕ್ಕೆ ಸೋರಿದಾಗ ಬರಿಯ ಶಿಲೆ ಬಯಲಾಗುತ್ತಿರಬಹುದು. ಜ್ವಾಲಾಮುಖಿಗಳು ಎರಚಿದ ಧೂಳು ಕಕ್ಷೆಯುದ್ದಕ್ಕೂ ಹರಡಿ ಆಗಾಗ ಬೆಳಕನ್ನು ಮರೆಮಾಡುತ್ತಿರಬಹುದು. ಅಥವಾ ಗ್ರಹ ಒಂದೇ ಮಗ್ಗುಲನ್ನು ನಕ್ಷತ್ರಕ್ಕೆ ತೋರಿಸುತ್ತದೆ ಎಂಬ ಮೂಲ ಭಾವನೆಯೇ ತಪ್ಪಿದ್ದು, ಬುಧ ಗ್ರಹದ ಹಾಗೆ ಎರಡು ಸುತ್ತಿಗೆ ಮೂರು ಬಾರಿ ತನ್ನ ಅಕ್ಷದ ಮೇಲೆ ತಿರುಗುತ್ತಿರಬಹುದು. ಆಗ ಒಂದು ಸುತ್ತಿನಲ್ಲಿ ಒಂದು ಮುಖ, ಮುಂದಿನ ಸುತ್ತಿನಲ್ಲಿ ಬೆನ್ನು ನಮಗೆ ಕಾಣುತ್ತದೆ. ಪಟೇಲ್ ಅವರ ತಂಡ ಸಮ ಮತ್ತು ಬೆಸ ಸುತ್ತುಗಳನ್ನು ಹೋಲಿಸಿ ನೋಡಿದರೂ ಐದು ಮರೆಗಳಲ್ಲಿ ಅಂಥ ಸರದಿ ಕಾಣಿಸಲಿಲ್ಲ. ಈ ಮೂರನ್ನು ಬೇರ್ಪಡಿಸಲು ಬಿಡಿಬಿಡಿ ಮರೆಗಳು ಸಾಲವು. ಎರಡು ಪೂರ್ತಿ ಸುತ್ತುಗಳನ್ನು, ಎಂದರೆ 35 ಗಂಟೆ 20 ನಿಮಿಷಗಳನ್ನು, ಒಂದಕ್ಕಿಂತ ಹೆಚ್ಚು ತರಂಗಾಂತರಗಳಲ್ಲಿ, ನಡುವೆ ಕಣ್ಣು ತೆಗೆಯದೆ ನೋಡಬೇಕಾಗುತ್ತದೆ.